ಗಂಟಲಿಲ್ಲದ ಸಂಗೀತ

ನೆನಪಿಗೂ ಪಡಿತರ ಬರುತ್ತದೆ ಎಂದು ಮೊದಲು ಕೇಳಿದಾಗ ಜನ ನಕ್ಕಿದ್ದರು. ಅಕ್ಕಿಗೆ ಬಂದದ್ದನ್ನು, ಸೀಮೆಎಣ್ಣೆಗೆ ಬಂದದ್ದನ್ನು, ಕೊನೆಗೆ ಕುಡಿಯುವ ನೀರಿಗೂ ಬಂದದ್ದನ್ನು ಕಂಡವರೇ ನಕ್ಕಿದ್ದರು. ಆದರೆ ಲೋಕದ ಫೋಟೋ, ಹಾಡು, ಮಾತುಕತೆ, ಮದುವೆ ವಿಡಿಯೊಗಳನ್ನೆಲ್ಲ ಹೊಟ್ಟೆಯೊಳಗೆ ತುಂಬಿಕೊಂಡಿದ್ದ ಯಂತ್ರಶಾಲೆಗಳು ತಮ್ಮ ಮೈ ತಣ್ಣಗಿಟ್ಟುಕೊಳ್ಳಲು ನದಿಗಳನ್ನೇ ಕುಡಿಯತೊಡಗಿದವು. ಎರಡು ಬೇಸಿಗೆ ಕಾವೇರಿ ದಂಡೆಯ ಊರುಗಳಿಗೇ ಟ್ಯಾಂಕರಿನಲ್ಲಿ ನೀರು ಬಂದ ಮೇಲೆ ನಗು ನಿಂತಿತು. ಸರ್ಕಾರ ಯಂತ್ರಶಾಲೆಗಳನ್ನು ಮುಚ್ಚಿ, ಮನೆಗೊಂದರಂತೆ ಗಾಜಿನ ಬಿಲ್ಲೆ ಹಂಚಿತು. ಅಂಗೈ ಅಗಲದ ಬಿಲ್ಲೆ. ಬೆಳಕಿನ ಸೂಜಿಯಿಂದ ಅದರಲ್ಲಿ ಒಮ್ಮೆ ಕೊರೆದರೆ ಆಮೇಲೆ ನೀರೂ ಬೇಡ, ಕರೆಂಟೂ ಬೇಡ. ಸಾವಿರಾರು ವರ್ಷ ಹಾಗೇ ಇರುತ್ತದೆ. ಖಾಲಿ ಜಾಗವಿದ್ದರೆ ಇನ್ನಷ್ಟು ಸೇರಿಸಬಹುದು, ಕೊರೆದದ್ದನ್ನು ಅಳಿಸಲಾಗದು. ಬಿಲ್ಲೆಯಲ್ಲಿ ಹಿಡಿಸದೆ ಉಳಿದದ್ದೆಲ್ಲ ಶಾಶ್ವತವಾಗಿ ಹೋಯಿತು.

ಆ ಬಿಲ್ಲೆ ತಿಂಗಳಲ್ಲಿ ಮನೆಮನೆಯಲ್ಲೂ ಆದಷ್ಟು ಜಗಳ ಆಸ್ತಿ ಪಾಲಿನಲ್ಲೂ ಆಗಿರಲಿಕ್ಕಿಲ್ಲ. ಯಾರ ಅಪ್ಪನ ಭಾಷಣ ಇರಬೇಕು, ಯಾರ ತಂಗಿಯ ಸೀಮಂತ ಹೋಗಬೇಕು ಎಂದು ಗಂಡ ಹೆಂಡಿರು ಮಾತುಬಿಟ್ಟರು. ಜಾಣರೊಬ್ಬರು ತಮ್ಮ ಮದುವೆಯ ವಿಡಿಯೊದಲ್ಲಿ ಧಾರೆಯನ್ನು ತೆಗೆಸಿ ಊಟದ ಪಂಕ್ತಿಯನ್ನಷ್ಟೇ ಉಳಿಸಿಕೊಂಡರು. ಸತ್ತವರು, ಮುನಿದುಕೊಂಡವರು, ಊರು ಬಿಟ್ಟವರು ಎಲ್ಲರೂ ಒಟ್ಟಿಗೆ ಸಿಗುವುದು ಅಲ್ಲೇ ಅಲ್ಲವೇ ಎಂಬುದು ಅವರ ವಾದ.

ಧರಣೇಂದ್ರನ ಮನೆಯಲ್ಲಿ ಪ್ರಶ್ನೆ ಇನ್ನೂ ಸಣ್ಣದಿತ್ತು. ಕೊನೆಗೆ ಉಳಿದ ಚೂರು ಜಾಗದಲ್ಲಿ ಮಗಳ ತೊದಲು ಮಾತು ಇಡುವುದೋ, ತೀರಿಹೋದ ಅವನ ಅಮ್ಮ ಫೋನಿಗೆ ಕಳಿಸುತ್ತಿದ್ದ ಧ್ವನಿ ಸಂದೇಶಗಳನ್ನು ಇಡುವುದೋ ಎಂದು. ಸಂದೇಶಗಳಲ್ಲಿ ಇದ್ದದ್ದೆಲ್ಲ ಊಟ ಆಯ್ತಾ, ಮಳೆ ಬಂತಾ, ಮಗೂಗೆ ಜ್ವರ ಬಿಡ್ತಾ ಅನ್ನುವ ಮಾತು. "ಅಮ್ಮ ಹೇಗೂ ನೆನಪಿರ್ತಾಳೆ ಬಿಡು" ಎಂದು ಅವನೇ ಹೆಂಡತಿ ಅಕ್ಷತಾಗೆ ಹೇಳಿದ್ದ. ವರ್ಷ ತುಂಬುವುದರೊಳಗೆ ಅಮ್ಮನ ಮಾತುಗಳು ನೆನಪಿದ್ದವು, ಮುಖ ನೆನಪಿತ್ತು, ಧ್ವನಿ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಅದು ಅವನನ್ನು ಒಳಗೇ ತಿನ್ನುತ್ತಿತ್ತು. ಯಾರಾದರೂ ಸುಮ್ಮನೆ ಕುಳಿತಿದ್ದರೆ, ಇವರೂ ಯಾವುದೋ ಧ್ವನಿಯನ್ನು ಕಳೆದುಕೊಂಡಿದ್ದಾರೆ ಎಂದೇ ಅವನಿಗೆ ಅನ್ನಿಸುತ್ತಿತ್ತು.

ಅವನ ಕೆಲಸ ಹೊನ್ನಗುಂಡಿಯ ಧ್ವನಿ ಭಂಡಾರದಲ್ಲಿ. ಹೊನ್ನಗುಂಡಿ ನದಿಯ ಕಣಿವೆಯಲ್ಲಿರುವ ಹಳೆಯ ವಿದ್ಯುತ್ ಕೇಂದ್ರ. ಕರೆಂಟು ಹುಟ್ಟುವ ಜಾಗದಲ್ಲೇ ಇದ್ದರೆ ಕರೆಂಟಿಗೆ ಪರದಾಡುವುದು ತಪ್ಪುತ್ತದೆಂದು ಭಂಡಾರವನ್ನು ಅಲ್ಲಿಗೆ ತಂದಿದ್ದರು. ತಂದ ಮೇಲೆ, ಹುಟ್ಟಿದ ಕರೆಂಟೆಲ್ಲ ಪಂಪುಗಳಿಗೆ ಹೋಗಿ, ಭಂಡಾರಕ್ಕೆ ವಾರದಲ್ಲಿ ಒಂದು ಮಧ್ಯಾಹ್ನ ಮಾತ್ರ ಪಾಳಿ ಸಿಕ್ಕಿತು. ದೀಪದ ಬುಡದಲ್ಲಿ ಕತ್ತಲು ಅನ್ನುವುದು ಸುಮ್ಮನೆಯೇ?

ಆ ವರ್ಷ ಅವನಿಗೆ ಒಪ್ಪಿಸಿದ್ದು ಯದುಗಿರಿಯವರ ಟೇಪುಗಳನ್ನು. ಅದೇ ವಿದ್ಯುತ್ ಕೇಂದ್ರದ ಆಪರೇಟರ್ ಒಬ್ಬರ ದೊಡ್ಡ ಮಗಳು ಯದುಗಿರಿ. ಟರ್ಬೈನಿನ ಗುಂಯ್ ಸದ್ದಿನಲ್ಲೇ ಬೆಳೆದು, ಮೈಸೂರಿನಲ್ಲಿ ಭೌತಶಾಸ್ತ್ರ ಓದಿ, ಸ್ವರ ಹೊರಡಿಸುವ ಗುಜರಿಯ ಆಸಿಲೇಟರ್, ಕೆಟ್ಟ ರೇಡಿಯೊ, ಎರಡು ಟೇಪ್ ರೆಕಾರ್ಡರ್ ಇಟ್ಟುಕೊಂಡು ಈ ನಾಡಿನಲ್ಲಿ ವಿದ್ಯುತ್ ಸಂಗೀತವನ್ನು ಮೊದಲು ಕಟ್ಟಿದವರು. ಟೇಪನ್ನು ಬ್ಲೇಡಿನಲ್ಲಿ ಕೊಯ್ದು, ಅಂಟಿಸಿ, ತಿರುಗಿಸಿ, ಒಂದರ ಮೇಲೊಂದು ಹೇರಿ, ತಿಂಗಳಿಗೆ ಒಂದು ನಿಮಿಷದ ಸಂಗೀತ ಮಾಡುತ್ತಿದ್ದರಂತೆ. ಅಂದಿನ ರಸಿಕರು ಅದನ್ನು ಮಿಕ್ಸಿ ಸಂಗೀತ ಎಂದು ಗೇಲಿ ಮಾಡಿದರು. ಹೊರದೇಶದವರು ಹೊಗಳಿದ ಮೇಲೆ ಅದೇ ರಸಿಕರು ತಾವು ಆಗಲೇ ಹೇಳಿದ್ದೆವು ಎಂದರು. ಯದುಗಿರಿ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು: "ನನ್ನ ಸಂಗೀತದಲ್ಲಿ ಗಂಟಲಿಲ್ಲ, ಬೆರಳಿಲ್ಲ. ಬರೀ ವಿದ್ಯುತ್ತು." ಅವರ ಬಗ್ಗೆ ಬರೆದವರೆಲ್ಲ ಈ ಮಾತಿನಿಂದಲೇ ಶುರುಮಾಡುತ್ತಿದ್ದರು. ಅವರ ಕೃತಿಗಳಲ್ಲೆಲ್ಲ ದೊಡ್ಡದು 'ನೀರಿನ ಬೆನ್ನು', ಮುಕ್ಕಾಲು ಗಂಟೆಯದು. ಅಲ್ಲಿ ಇಲ್ಲಿ ಇದ್ದ ಅದರ ಪ್ರತಿಗಳೆಲ್ಲ ಬಿಲ್ಲೆ ತಿಂಗಳಲ್ಲಿ ಹೋಗಿದ್ದವು. ಉಳಿದದ್ದು ಈ ಮೂಲ ಟೇಪು ಮಾತ್ರ.

ಧರಣೇಂದ್ರ ಒಂದು ವರ್ಷ ಕೂತು ಆ ಸುರುಳಿಗಳ ಪಟ್ಟಿ ಮಾಡಿದ್ದ. ಕೇಳಿ ಅಲ್ಲ, ನೋಡಿ. ಕೇಳುವಂತಿರಲಿಲ್ಲ. ಹಳೆಯ ಟೇಪಿನ ಅಂಟು ಕರಗಿ ಒಂದು ಸುತ್ತಿಗೆ ಇನ್ನೊಂದು ಸುತ್ತು ಮೆತ್ತಿಕೊಂಡಿತ್ತು. ಅದನ್ನು ಓದಬಲ್ಲ ಯಂತ್ರ ಒಂದೇ, ಅದಕ್ಕೆ ಭಂಡಾರದವರು ಜರಡಿ ಎನ್ನುತ್ತಿದ್ದರು. ಜರಡಿಯ ಬೆಳಕು ಟೇಪಿನ ಮೇಲೆ ಹರಿದಂತೆಲ್ಲ ಅದರ ಮೇಲಿನ ಕಂದು ಲೇಪ ಪುಡಿಯಾಗಿ ಉದುರುತ್ತಿತ್ತು. ಓದುವುದು ಒಂದೇ ಸಲ. ಓದಿದ್ದನ್ನು ಅದು ಆ ಗಳಿಗೆಯಲ್ಲೇ ವಿಂಗಡಿಸಿ ಸಂಗೀತವನ್ನು ಬಿಲ್ಲೆಗೆ, ಮಿಕ್ಕಿದ್ದನ್ನು ಕಸಕ್ಕೆ ಹಾಕುತ್ತಿತ್ತು. ಕಸವನ್ನು ಇಟ್ಟುಕೊಳ್ಳುವುದು ಕಾನೂನಿನಲ್ಲಿ ಅಪರಾಧ. ಯಾವುದು ಸಂಗೀತ, ಯಾವುದು ಕಸ ಎಂದು ಯಂತ್ರಕ್ಕೆ ಮೊದಲು ಕೆಲವು ಸುರುಳಿಗಳಲ್ಲಿ ಕಲಿಸಿಕೊಡಬೇಕು. ಆಮೇಲೆ ಅದು ಗುರುವನ್ನು ಮೀರಿಸುತ್ತಿತ್ತು.

ಕನಕವಲ್ಲಿಯವರು ಕೊಳ್ಳೇಗಾಲದ ಬಸ್ಸಿನಲ್ಲಿ ಬಂದಿಳಿದದ್ದು ಆ ಕಲಿಸುವ ಕೆಲಸ ಶುರುವಾಗುವ ಮುಂಚೆ. ಎಂಬತ್ತೈದು ದಾಟಿದ, ಸಣಕಲು ಮೈಯ ಹೆಂಗಸು. ತೀರಿಹೋದ ಯದುಗಿರಿಯವರ ತಂಗಿ. ಕತ್ತಿಗೆ ಸೆರಗು ಬಿಗಿಯಾಗಿ ಸುತ್ತಿಕೊಂಡಿದ್ದರು. ಕೂತ ಮೇಲೆ ಚೀಲದಿಂದ ಬ್ಯಾಟರಿಯಂಥ ಒಂದು ಸಣ್ಣ ಯಂತ್ರ ತೆಗೆದು ದವಡೆಯ ಕೆಳಗೆ ಒತ್ತಿ ಹಿಡಿದರು. ಬಾಯಿ ಆಡಿತು, ಯಂತ್ರ ಝೇಂಕರಿಸಿತು, ಎರಡೂ ಸೇರಿ ಮಾತಾಯಿತು. ಏರಿಲ್ಲ, ಇಳಿವಿಲ್ಲ, ಎಲ್ಲ ಅಕ್ಷರವೂ ಒಂದೇ ಮಟ್ಟದಲ್ಲಿ ಕರೆಗಂಟೆ ಒತ್ತಿದ ಹಾಗೆ ಬರುತ್ತಿತ್ತು.

"ಹೆದರ್ಕೋಬೇಡಪ್ಪ. ಗಂಟಲಿನಲ್ಲಿ ಕ್ಯಾನ್ಸರ್ ಆಗಿತ್ತು. ಧ್ವನಿಪೆಟ್ಟಿಗೆ ತೆಗ್ದುಬಿಟ್ರು. ಇಪ್ಪತ್ತು ವರ್ಷದ ಮೇಲಾಯ್ತು."

"ಹೇಳಿ ಅಮ್ಮ, ಏನಾಗ್ಬೇಕಿತ್ತು?"

"ಅಕ್ಕನ ಟೇಪು ಒಂದ್ಸಲ ಕೇಳ್ಬೇಕು. 'ನೀರಿನ ಬೆನ್ನು.' ಸಾಯೋದ್ರೊಳಗೆ ಅದೊಂದು ಕೇಳ್ಬಿಟ್ರೆ ಸಾಕು ನಂಗೆ."

ಧರಣೇಂದ್ರ ಜರಡಿಯ ವಿಷಯ ಬಿಡಿಸಿ ಹೇಳಿದ. ಬಿಲ್ಲೆಗೆ ಇಳಿಯುವ ತನಕ ಯಾರಿಗೂ ಕೇಳಿಸಲಾಗದು, ಇಳಿದ ಮೇಲೆ ಮೊದಲು ಅವರಿಗೇ ಕೇಳಿಸುತ್ತೇನೆ ಎಂದ. ಅವರು ತಲೆದೂಗಿದರು. ಆದರೆ ಅವನ ಕಣ್ಣು ಆ ಕತ್ತಿನ ಸೆರಗಿನ ಮೇಲೇ ಇತ್ತು. ಅವನ ಮನಸ್ಸು ಆಗಲೇ ಬೇರೆ ಕಡೆ ಓಡಿತ್ತು.

"ಅಕ್ಕ ರೆಕಾರ್ಡ್ ಮಾಡೋವಾಗ ನೀವು ಅಲ್ಲಿರ್ತಿದ್ರಾ ಅಮ್ಮ?"

"ಇರ್ತಿದ್ದೆ. ದಿನಾ ಮಧ್ಯಾಹ್ನ ಹೋಗ್ತಿದ್ದೆ."

"ಮಾತಾಡ್ತಿದ್ರಾ?"

ಕನಕವಲ್ಲಿ ಕತ್ತಿನ ಸೆರಗನ್ನು ಇನ್ನಷ್ಟು ಬಿಗಿದುಕೊಂಡರು. "ಆಡ್ತಿದ್ದೆ. ಯಾಕೆ?"

"ಹಾಗಾದ್ರೆ ನಿಮ್ಮ ಆಗಿನ ಧ್ವನಿ ಆ ಟೇಪುಗಳಲ್ಲಿ ಇರುತ್ತೆ. ಸಾಮಾನ್ಯವಾಗಿ ಅದು ಕಸಕ್ಕೆ ಹೋಗುತ್ತೆ. ನಾನು ತೆಗೆದುಕೊಡ್ತೀನಿ. ನಿಮ್ಮ ಮನೆ ಬಿಲ್ಲೇಲಿ ಜಾಗ ಇದ್ಯಾ?"

"ಇದೆ, ಒಂದೆರಡು ಬೆರಳಗಲ. ನನ್ಹತ್ರ ಉಳಿಸ್ಕೊಳೋವಂಥದ್ದು ಏನಿತ್ತು." ಯಂತ್ರವನ್ನು ಕೆಳಗಿಳಿಸಿ ಮತ್ತೆ ಎತ್ತಿದರು. "ಆಗ್ಲಪ್ಪ. ನಿನ್ನಿಷ್ಟ. ಮೊದ್ಲು ಅಕ್ಕಂದು ಉಳೀಲಿ."

ಕೊನೆಯ ಮಾತನ್ನು ಅವನು ದೊಡ್ಡವರ ಸಂಕೋಚ ಎಂದುಕೊಂಡ. ಸಂಜೆ ಮನೆಗೆ ಹೋಗಿ, ಹುರುಳಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಅಕ್ಷತಾಗೆ ಎಲ್ಲ ಹೇಳಿದ. ಇಪ್ಪತ್ತು ವರ್ಷದಿಂದ ಸ್ವಂತ ಧ್ವನಿ ಇಲ್ಲದ ಜೀವ, ಅವರ ಹರೆಯದ ಧ್ವನಿ ಟೇಪಿನಲ್ಲಿ ಕೂತಿದೆ, ನಾನು ಅದನ್ನು ತೆಗೆದುಕೊಡುತ್ತೇನೆ ಎಂದ.

"ಅವ್ರು ಧ್ವನಿ ಬೇಕು ಅಂತ ಕೇಳಿದ್ರಾ?" ಎಂದಳು ಅಕ್ಷತಾ.

"ಅದನ್ನ ಬಾಯಿಬಿಟ್ಟು ಕೇಳ್ಬೇಕಾ?"

"ಕೇಳಿದ್ರಾ ಅಂದೆ ಅಷ್ಟೆ. ನಿಮ್ಮಮ್ಮನ ಧ್ವನಿ ಬೇಕಾಗಿರೋದು ನಿಮಗೆ."

ಅವನು ಸದ್ದಾಗುವಂತೆ ತಟ್ಟೆ ಹಾಕಿದ. ಅವಳು ಹೇಳಿದ್ದು ಸರಿಯೆಂದು ಗೊತ್ತಿದ್ದರಿಂದಲೇ ಸಿಟ್ಟು ಬಂದಿತ್ತು.

ಜರಡಿಯಲ್ಲಿ ಬಂಧು ತಟ್ಟೆ ಎಂಬ ಒಂದು ಏರ್ಪಾಡಿತ್ತು. ಹಿಂದೆ ಮನೆಯವರು ತಂದ ಹಳೆಯ ಕ್ಯಾಸೆಟ್ಟುಗಳಲ್ಲಿ ಸತ್ತವರ ಧ್ವನಿಯನ್ನು ಯಂತ್ರ ಕಸಕ್ಕೆ ಹಾಕಿತೆಂದು ಊರೂರಲ್ಲಿ ಗಲಾಟೆಯಾಗಿ, ಆಮೇಲೆ ಸೇರಿಸಿದ್ದು. ಬೇಕಾದವರ ಧ್ವನಿಯ ಮಾದರಿಯೊಂದನ್ನು ಕೇಳಿಸಿದರೆ, ಆ ಧ್ವನಿ ಎಷ್ಟೇ ಗದ್ದಲದ ನಡುವೆ ಇದ್ದರೂ ಜರಡಿ ಹೆಕ್ಕುತ್ತಿತ್ತು. ಹೆಕ್ಕಿ ಸುಮ್ಮನಿರುತ್ತಿರಲಿಲ್ಲ. ಟೇಪು ನಿಧಾನವಾಗಿ ಓಡಿದ್ದರೆ ಸರಿಪಡಿಸಿ, ಮಿಕ್ಕ ಸದ್ದು ತೊಳೆದು, ತುಂಡಾಗಿದ್ದರೆ ಕೂಡಿಸಿ, ಆ ಮನುಷ್ಯ ಎದುರಿಗೇ ಕೂತಿರುವ ಹಾಗೆ ಮಾಡಿ ಕೊಡುತ್ತಿತ್ತು. ಜನ ಅದನ್ನು ಕೇಳಿ ಎದೆ ಹಿಡಿದುಕೊಂಡು ಅಳುತ್ತಿದ್ದರು. ಬಂಧುಗಳ ಧ್ವನಿಗೆ ಮೊದಲ ಹಕ್ಕು ಎಂದು ಕಾನೂನೇ ಇತ್ತು. ಒಂದು ಸದ್ದು ಸಂಗೀತವೂ ಆಗಿರಬಹುದು, ಬಂಧುವೂ ಆಗಿರಬಹುದು ಅನ್ನಿಸಿದರೆ ಬಂಧು ತಟ್ಟೆಗೇ ಹೋಗಬೇಕು. ಅಲ್ಲಿಗೆ ಬಂದದ್ದು ಮನೆಯವರ ಬಿಲ್ಲೆಗೆ ಇಳಿಯುತ್ತಿತ್ತು. ಆ ಬಿಲ್ಲೆಯ ಜಾಗ ತುಂಬಿದ ಮೇಲೆ ಇದ್ದುದರಲ್ಲಿ ಚೆನ್ನಾದದ್ದನ್ನು ಉಳಿಸಿ ಮಿಕ್ಕಿದ್ದನ್ನು ಯಂತ್ರವೇ ಒರೆಸುತ್ತಿತ್ತು.

ಕನಕವಲ್ಲಿಯವರು ಮಾದರಿಗೆಂದು ತಮ್ಮ ಬಿಲ್ಲೆ ತಂದುಕೊಟ್ಟರು. ಅದರಲ್ಲಿ ಮದುವೆಯ ದಿನ ಅವರೇ ಹಾಡಿದ ಆರತಿ ಹಾಡಿನ ನಾಲ್ಕೇ ಸಾಲಿತ್ತು. ಹದಿನೆಂಟರ ಹುಡುಗಿಯ ತಿಳಿಯಾದ ಧ್ವನಿ. ಧರಣೇಂದ್ರ ಅದನ್ನು ಜರಡಿಗೆ ಕೇಳಿಸಿದ. ಯದುಗಿರಿಯವರ ಶುರುವಿನ ಕಾಲದ ಕೆಲವು ಸುರುಳಿಗಳನ್ನು ಕಿವಿಗೆ ನಿಲುಕುವಷ್ಟು ನಿಧಾನವಾಗಿ ಓಡಿಸಿ, ಇದು ಆಸಿಲೇಟರ್, ಇದು ರೇಡಿಯೊದ ಗೊರಗೊರ, ಇದು ಬೇಕು, ಇದು ಕುರ್ಚಿ ಎಳೆದದ್ದು, ಇದು ಬೇಡ ಎಂದು ಕಲಿಸಿದ. ಆ ಶುರುವಿನ ಸುರುಳಿಗಳಲ್ಲಿ ತಂಗಿಯ ಧ್ವನಿ ಎಲ್ಲೂ ಇರಲಿಲ್ಲ. ಯಂತ್ರ ಒಂದೂ ತಪ್ಪು ಮಾಡಲಿಲ್ಲ. ಮನುಷ್ಯರ ಧ್ವನಿ ಕಂಡಲ್ಲಿ ಅದು ಸಂಗೀತವಲ್ಲ ಎಂದೂ ಹೇಳಿಕೊಟ್ಟ. ಗಂಟಲಿಲ್ಲ ಎಂದು ಸ್ವತಃ ಯದುಗಿರಿಯವರೇ ಹೇಳಿದ್ದರಲ್ಲ.

ಪಾಳಿಯ ಮಧ್ಯಾಹ್ನ ಭಂಡಾರದ ನಿರ್ದೇಶಕಿ ಮೆಹನಾಜ್ ಕೂಡ ಕಂಟ್ರೋಲ್ ರೂಮಿಗೆ ಬಂದು ಕೂತರು. ಭೌತಶಾಸ್ತ್ರದವರು, ಮಾತು ಕಡಿಮೆ. ಬೇಸಿಗೆಯಲ್ಲಿ ಭಂಡಾರದ ವಾರದ ಪಾಳಿಯೂ ನಿಲ್ಲುತ್ತಿತ್ತು. ಆ ವಾರ ತಪ್ಪಿದರೆ ಮುಂದಿನ ಪಾಳಿ ಬೇಸಿಗೆ ಕಳೆದ ಮೇಲೆ, ಅಷ್ಟರಲ್ಲಿ ಟೇಪುಗಳು ಕಲ್ಲಾಗುತ್ತಿದ್ದವು. ಇಬ್ಬರೂ ಒಪ್ಪಿಗೆಗೆ ಸಹಿ ಹಾಕಿದರು. ಜರಡಿ ಒಂದು ಸುರುಳಿಯನ್ನು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮುಗಿಸುತ್ತಿತ್ತು. ಆ ವೇಗಕ್ಕೆ ಮನುಷ್ಯರ ಕಿವಿ ನಿಲುಕುವುದಿಲ್ಲ. ಗೊತ್ತಾಗುತ್ತಿದ್ದದ್ದು ದೀಪಗಳಿಂದ: ಸಂಗೀತಕ್ಕೆ ಹಸಿರು, ಕಸಕ್ಕೆ ಕೆಂಪು, ಬಂಧುವಿಗೆ ಹಳದಿ.

ಮೊದಲ ಕೆಲವು ಸುರುಳಿಗಳು ಹಸಿರಾಗೇ ಹೋದವು. ಆಮೇಲೆ ಹಳದಿ ಮಿಣುಕಿತು. ಧರಣೇಂದ್ರ ಹಿಗ್ಗಿದ. ಇನ್ನೊಂದು ಹಳದಿ. ಮತ್ತೊಂದು.

"ಅಕ್ಕ ತಂಗಿ ಒಳ್ಳೆ ಮಾತುಗಾರರೇ ಇದ್ದಂಗಿದ್ರು ಮೇಡಂ," ಎಂದ.

ಮೆಹನಾಜ್ ದೀಪಗಳನ್ನೇ ನೋಡುತ್ತಿದ್ದರು. "ಹಸಿರು ಕಡಿಮೆಯಾಯ್ತಲ್ಲ?"

"ಅವ್ರ ಸಂಗೀತದ ಎರಡನೇ ಘಟ್ಟದಲ್ಲಿ ಮೌನ ಜಾಸ್ತಿ ಅಂತ ಎಲ್ಲರೂ ಬರೆದಿದ್ದಾರೆ ಮೇಡಂ. ಮೌನ ಇದ್ದಾಗ ಯಾವ ದೀಪಾನೂ ಹತ್ತಲ್ಲ."

ಅದು ನಿಜವೇ. ಯದುಗಿರಿಯವರ ಮೌನದ ಬಗ್ಗೆ ವಿಮರ್ಶಕರು ಪುಟಗಟ್ಟಲೆ ಬರೆದಿದ್ದರು. ಕೇಳಿ ಅರ್ಥವಾಗದ್ದನ್ನು ಮೌನ ಎಂದು ಹೊಗಳುವುದು ಸುಲಭವಿತ್ತು. ಆದರೆ ಇಲ್ಲಿ ದೀಪ ಹತ್ತದೆ ಇರಲಿಲ್ಲ. ಹಳದಿ ಹತ್ತುತ್ತಲೇ ಇತ್ತು. ನಿಲ್ಲಿಸುವ ಗುಂಡಿ ಧರಣೇಂದ್ರನ ಬಲಗೈ ಪಕ್ಕದಲ್ಲೇ ಇತ್ತು. ನಿಲ್ಲಿಸಿದರೆ ಪಾಳಿ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಪ್ರತಿ ಹಳದಿಗೂ ಅವನ ಕಣ್ಣ ಮುಂದೆ ಆ ಮುದುಕಿ ತನ್ನ ಧ್ವನಿ ಕೇಳಿ ಅಳುವ ಚಿತ್ರ ಬರುತ್ತಿತ್ತು. ಅವನು ಗುಂಡಿ ಮುಟ್ಟಲಿಲ್ಲ. ಕೊನೆಯ ಸುರುಳಿ ಮುಗಿಯುವಷ್ಟರಲ್ಲಿ ಜರಡಿಯ ಬುಡದ ತಟ್ಟೆಯಲ್ಲಿ ಕಂದು ಪುಡಿ ರಾಗಿಹಿಟ್ಟಿನ ಹಾಗೆ ಗುಡ್ಡೆ ಬಿದ್ದಿತ್ತು. ಅದೇ ಪಾಳಿಯಲ್ಲಿ ಸೂಜಿ ಭಂಡಾರದ್ದು, ಕನಕವಲ್ಲಿಯವರದು ಎರಡೂ ಬಿಲ್ಲೆಗಳನ್ನು ಕೊರೆದು ಮುಗಿಸಿತು.

ಸಂಗೀತದ ಬಿಲ್ಲೆಯಲ್ಲಿ ಇದ್ದದ್ದು ಶುರುವಿನ ಕಾಲದ ಸುರುಳಿಗಳು ಮಾತ್ರ. ಮಿಕ್ಕ ಬಿಲ್ಲೆ ಖಾಲಿ. 'ನೀರಿನ ಬೆನ್ನು' ಇರಬೇಕಾದ ಕಡೆ ಏನೂ ಇರಲಿಲ್ಲ.

"ಬಾಕಿ ಎಲ್ಲಿ?" ಎಂದರು ಮೆಹನಾಜ್.

ಧರಣೇಂದ್ರ ಕನಕವಲ್ಲಿಯವರ ಬಿಲ್ಲೆಯನ್ನು ಬ್ಯಾಟರಿಯಿಂದ ಓಡುವ ಕೇಳುವ ಯಂತ್ರಕ್ಕೆ ಹಾಕಿದ. ಮಾತು ಕೇಳಿಸುತ್ತದೆ ಎಂದುಕೊಂಡಿದ್ದ. ಅಡುಗೆಯ ಮಾತೋ, ಸೀರೆಯ ಮಾತೋ, ಯಾರದೋ ಮೇಲಿನ ಚಾಡಿಯೋ. ಕೇಳಿಸಿದ್ದು ಒಂದು ಅಕ್ಷರ. 'ಆ'. ಹುಡುಗಿಯೊಬ್ಬಳು ಉಸಿರು ತುಂಬಿಕೊಂಡು 'ಆ' ಎನ್ನುತ್ತಿದ್ದಳು, ಉಸಿರು ಮುಗಿಯುವ ತನಕ. ಮತ್ತೆ 'ಆ'. ಇನ್ನೊಂದು ಸ್ಥಾಯಿಯಲ್ಲಿ 'ಆ'. ಹಾಡಲ್ಲ, ಮಾತಲ್ಲ. ತೊಳೆದಿಟ್ಟ ಹಾಗೆ ಶುದ್ಧವಾದ 'ಆ', ಒಂಬತ್ತು ನಿಮಿಷ.

ಮೊದಲು ಅರ್ಥವಾದದ್ದು ಮೆಹನಾಜ್ ಅವರಿಗೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಇದು ಕಸ ಅಲ್ಲ ಧರಣೇಂದ್ರ. ಕಚ್ಚಾ ಮಾಲು. ಆ ಸಂಗೀತನೆಲ್ಲ ಅವ್ರು ಮಾಡಿದ್ದು ಇದರಿಂದ. ನಿಧಾನ ಮಾಡಿ, ತಿರುಗಿಸಿ, ತಲೆ ಬಾಲ ಕೊಯ್ದು, ನೂರು ಪದರ ಹೇರಿ. ಯಾವ ಕಿವಿಗೂ ಗೊತ್ತಾಗಿರಲಿಲ್ಲ. ಜರಡಿಗೆ ಗೊತ್ತಾಯ್ತು."

"ಗಂಟಲಿಲ್ಲ ಅಂತ ಅವ್ರೇ..."

"ಹೇಳಿದ್ರು. ನಾವು ನಂಬಿದ್ವಿ. ಅದು ನಂಬಲಿಲ್ಲ." ಒಪ್ಪಿಗೆಯ ಕಾಗದವನ್ನು ಹತ್ತಿರ ಎಳೆದುಕೊಂಡು, "ಸಹಿ ನಂದೂ ಇದೆ," ಎಂದರು.

ಜರಡಿ ಏನನ್ನೂ ತಪ್ಪು ಮಾಡಿರಲಿಲ್ಲ. ಹೇಳಿಕೊಟ್ಟ ಹಾಗೆಯೇ, ಬಂಧುವಿನ ಧ್ವನಿ ಕಂಡ ಕೂಡಲೆ ಹೆಕ್ಕಿ, ನಿಧಾನವಾಗಿದ್ದನ್ನು ಸರಿಪಡಿಸಿ, ತಿರುವಿದ್ದನ್ನು ನೆಟ್ಟಗೆ ಮಾಡಿ, ಕೊಯ್ದದ್ದನ್ನು ಕೂಡಿಸಿ, ಯದುಗಿರಿ ಇಪ್ಪತ್ತು ವರ್ಷ ಮಾಡಿದ್ದನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ಬಿಚ್ಚಿಹಾಕಿತ್ತು. ಬಿಚ್ಚಿದ್ದರಲ್ಲೂ ಎರಡು ಬೆರಳಗಲ ಜಾಗಕ್ಕೆ ಹಿಡಿಸುವಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಒರೆಸಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂದು ಬೇರೆಯವರ ಎಡವಟ್ಟಿಗೆ ಧರಣೇಂದ್ರ ಎಷ್ಟು ಸಲ ನಕ್ಕಿದ್ದನೋ. ಈಗ ಅವನು ಜರಡಿಯ ಪುಡಿಯ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ.

ಮನೆಯಲ್ಲಿ ಅವನು ಊಟ ಮಾಡಲಿಲ್ಲ. ಅಕ್ಷತಾ ನಾನು ಹೇಳಿರಲಿಲ್ಲವಾ ಎನ್ನಲಿಲ್ಲ. ಅಂದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು.

"ಲೋಕಕ್ಕೆ ಹೋಯ್ತು. ಅವ್ರಿಗಾದ್ರೂ ಅವ್ರ ಧ್ವನಿ ಸಿಕ್ತಲ್ಲ," ಎಂದ ಕೊನೆಗೆ.

"ಹ್ಞೂಂ," ಎಂದಳು. ಆ ಒಂದು ಆಸರೆಯನ್ನೂ ಅವನಿಂದ ಕಿತ್ತುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

ಮಾರನೆಯ ದಿನ ಕನಕವಲ್ಲಿಯವರು ಬೆಳಗಿನ ಬಸ್ಸಿಗೇ ಬಂದರು. ರೇಷ್ಮೆ ಸೀರೆ ಉಟ್ಟು, ಹೂ ಮುಡಿದಿದ್ದರು. ಮದುವೆಗೆ ಬಂದವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತು, ಯಂತ್ರವನ್ನು ಮಡಿಲಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದರು. ಧರಣೇಂದ್ರ ಕೇಳುವ ಯಂತ್ರವನ್ನು ಅವರ ಮುಂದಿಟ್ಟ. ಮೊದಲು ಇದನ್ನು ಕೇಳಲಿ, ಮಿಕ್ಕಿದ್ದನ್ನು ಆಮೇಲೆ ಹೇಳೋಣ ಎಂದು ಬಿಲ್ಲೆ ಹಾಕಿದ.

'ಆ' ಎಂದಿತು ಹುಡುಗಿಯ ಧ್ವನಿ.

ಅವನು ಮುದುಕಿಯ ಮುಖವನ್ನೇ ನೋಡುತ್ತಿದ್ದ. ಗುರುತು ಹತ್ತಿತು, ಅದು ಕಾಣಿಸಿತು. ಹುಬ್ಬು ಒಂದಿಷ್ಟು ಮೇಲೆ ಹೋಯಿತು. ಈಗ ಅಳುತ್ತಾರೆ ಎಂದುಕೊಂಡ. ಅವರು ಅಳಲಿಲ್ಲ, ಕಾಯುತ್ತಿದ್ದರು. ಎರಡನೆಯ 'ಆ' ಬಂತು, ಮೂರನೆಯದು ಬಂತು. ಒಂಬತ್ತು ನಿಮಿಷವೂ ಕಣ್ಣು ಮುಚ್ಚಿಕೊಂಡು ಕಾದರು. ಮುಗಿದ ಮೇಲೆ ಕಣ್ಣು ತೆರೆದು ಯಂತ್ರವನ್ನು ದವಡೆಗೆ ಒತ್ತಿದರು.

"ಇದಾದ್ಮೇಲೆ?"

"ಇದೇ ಅಮ್ಮ. ನಿಮ್ಮ ಧ್ವನಿ."

"ನಂದು ಅಂತ ಗೊತ್ತಾಯ್ತು. ಅಕ್ಕಂದೆಲ್ಲಿ?"

ಅವನು ಹೇಳಿದ. ಒಂದನ್ನೂ ಮುಚ್ಚಿಡದೆ, ದೀಪಗಳ ಬಣ್ಣದಿಂದ ಹಿಡಿದು ಪುಡಿಯ ತನಕ ಹೇಳಿದ. ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು, ಅವರ ಕಣ್ಣಲ್ಲಿ ಬರಲಿಲ್ಲ. ಯಂತ್ರವನ್ನು ಮಡಿಲಿನಿಂದ ಎತ್ತಿ ಮತ್ತೆ ದವಡೆಗೆ ಒತ್ತಿದರು. ಕೆಳಗೆ ಟರ್ಬೈನು ಓಡುತ್ತಿತ್ತು.

"ಮದುವೆಯಾದ್ಮೇಲೆ ಹಾಡಕೂಡದು ಅಂತ ನಮ್ಮತ್ತೆ ಮಾತು ತಗೊಂಡಿದ್ರು," ಎಂದರು ಕನಕವಲ್ಲಿ. ಆ ಸಪಾಟು ಝೇಂಕಾರದಲ್ಲಿ ದುಃ‍ಖವೂ ಸಿಟ್ಟೂ ಒಂದೇ ತರ ಕೇಳುತ್ತಿತ್ತು. "ಕೊಟ್ಟ ಮಾತು ಮುರೀಲಿಲ್ಲ ನಾನು. ಮಧ್ಯಾಹ್ನ ಅಕ್ಕನ ಮನೆಗೆ ಹಪ್ಪಳ ಮಾಡೋಕೆ ಅಂತ ಹೋಗ್ತಿದ್ದೆ. 'ಆ' ಅಂತಿದ್ದೆ, ಅಷ್ಟೆ. ಹಾಡ್ತಾ ಇರ್ಲಿಲ್ಲ. ಅಕ್ಕ ಅದನ್ನ ಹಾಡ್ಸೋಳು. ಇದ್ರಲ್ಲಿ ನೀನಿದ್ದೀಯ ಅಂತ ಬ್ರಹ್ಮಂಗೂ ಗೊತ್ತಾಗ್ಬಾರ್ದು ಕನಕ, ಹಾಗೆ ಮಾಡ್ತೀನಿ ಅಂತಿದ್ಲು. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕ್ಸಿದ್ಲು."

"ನಂಗಾದ್ರೂ ಹೇಳ್ಬೇಕಿತ್ತು ಅಮ್ಮ."

"ಹೇಳ್ಬೇಕಿತ್ತು. ಗೊತ್ತಾಗಲ್ಲ ಅಂತ ಅಕ್ಕ ಅಂದಿದ್ಲಲ್ಲ, ನಂಬಿದ್ದೆ." ಕೈ ನೋಯಿತೇನೋ, ಯಂತ್ರವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ಆಪರೇಷನ್ ಆದಾಗ ಗಂಟಲು ಹೋಯ್ತಲ್ಲ ಅಂತ ಮನೇವ್ರೆಲ್ಲ ಅತ್ರು. ನಾನು ಅಳ್ಲಿಲ್ಲ. ನನ್ನ ಗಂಟಲು ಅಕ್ಕನ ಹತ್ರ ಭದ್ರವಾಗಿದೆ ಅಂದ್ಕೊಂಡಿದ್ದೆ. ಯಾವ ರೋಗಾನೂ ಮುಟ್ದೇ ಇರೋ ಕಡೆ. ಈ 'ಆ' ನಂಗೆ ಯಾಕಪ್ಪ? ಇದು ಎಲ್ರಿಗೂ ಬರುತ್ತೆ. ಅನ್ನ ಕೇಳಿದ್ರೆ ಅದನ್ನ ಮತ್ತೆ ಅಕ್ಕಿ ಮಾಡಿ ಕೊಟ್ಟಿದ್ದೀಯ."

"ನಿಮಗೆ ಒಳ್ಳೇದಾಗ್ಲಿ ಅಂತ..."

"ಗೊತ್ತು. ನೀನು ಕೆಟ್ಟದ್ದು ಬಯಸ್ಲಿಲ್ಲ. ಅದನ್ನ ಇಟ್ಕೊಂಡು ನಾನೇನು ಮಾಡ್ಲಿ?"

ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ ಒಂದು ಮಾತು ಅವನ ಬಾಯಿಗೆ ಬಂತು. "ನಿಮಗೆ 'ನೀರಿನ ಬೆನ್ನು' ಪೂರ್ತಿ ಗೊತ್ತಾ ಅಮ್ಮ? ಹೇಗಿತ್ತು ಅಂತ ಹೇಳಿ. ನಿಮ್ಮ ಧ್ವನಿ ಇದೆಯಲ್ಲ, ಮತ್ತೆ ಕಟ್ಟೋಣ."

"ಒಂದು ತಿರುವೂ ಮರೆತಿಲ್ಲ."

ಅವರು ನೆಟ್ಟಗೆ ಕೂತರು. ಯಂತ್ರವನ್ನು ದವಡೆಗೆ ಒತ್ತಿ, ಬಾಯಿ ತೆರೆದು, ಶುರುಮಾಡಿದರು.

ಯಂತ್ರ ಝೇಂಕರಿಸಿತು. ಅದಕ್ಕೆ ಇದ್ದದ್ದು ಒಂದೇ ಸ್ವರ. ಅವರ ತುಟಿ ಕಿರಿದಾದಾಗ ಝೇಂಕಾರ ಕೊಂಚ ಮಂಕಾಗುತ್ತಿತ್ತು, ಅಗಲವಾದಾಗ ಕೊಂಚ ಜೋರಾಗುತ್ತಿತ್ತು, ಅಷ್ಟೆ. ಬಿಡುವಾದ ಕೈ ಗಾಳಿಯಲ್ಲಿ ಏರುತ್ತಿತ್ತು, ಇಳಿಯುತ್ತಿತ್ತು, ಎಲ್ಲೋ ತಿರುಗಿ ನಿಲ್ಲುತ್ತಿತ್ತು. ಮುಖದಲ್ಲಿ ಒಂದೊಂದು ಸಲ ಎಂಥದೋ ಬೆಳಕು ಹಾದುಹೋಗುತ್ತಿತ್ತು. ಅವರೊಳಗೆ ಅದು ಪೂರ್ತಿಯಾಗಿ ನಡೆಯುತ್ತಿತ್ತು ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಹೊರಗೆ ಬರುತ್ತಿದ್ದದ್ದು ಒಂದೇ ಸಮನಾದ ಝೇಂಕಾರ. ಮೆಹನಾಜ್ ಬಾಗಿಲವರೆಗೆ ಬಂದು, ನಿಂತು, ತಿರುಗಿ ಹೋದರು. ಧರಣೇಂದ್ರ ಏರಿಳಿತ ಬರೆದುಕೊಳ್ಳಲು ಪೆನ್ನು ಹಿಡಿದಿದ್ದ, ಅವನಿಗೆ ಬರೆದುಕೊಳ್ಳಲು ಏನೂ ಕೇಳಿಸಲಿಲ್ಲ. ಆದರೂ ಮುಕ್ಕಾಲು ಗಂಟೆ ಅಲುಗಾಡದೆ ಕೂತ. ಎದ್ದು ಹೋಗುವ ಯೋಗ್ಯತೆ ತನಗಿಲ್ಲ ಎಂದು ಅವನಿಗೆ ಗೊತ್ತಿತ್ತು.

ಕೈ ಕೊನೆಗೆ ಮೆಲ್ಲಗೆ ಮಡಿಲಿಗೆ ಇಳಿಯಿತು.

"ಇಲ್ಲಿಗೆ ಮುಗೀತು," ಎಂದರು. "ಕೇಳಿಸ್ತಾ?"

"ಕೇಳಿಸ್ತಮ್ಮ."

ಕನಕವಲ್ಲಿ ಅವನ ಮುಖವನ್ನು ನೋಡಿದರು. ಅಕ್ಕನ ಕಛೇರಿಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು, ಅದು ತಂಗಿಯ ಗಂಟಲೆಂದು ತಿಳಿಯದೆ ಕೇಳುತ್ತಿದ್ದವರ ಮುಖಗಳನ್ನು ವರ್ಷಗಟ್ಟಲೆ ನೋಡಿದವರು ಅವರು. ಕೇಳಿಸಿದವರ ಮುಖ ಹೇಗಿರುತ್ತದೆ ಎಂದು ಅವರಿಗೆ ಗೊತ್ತಿತ್ತು.

"ಇಲ್ಲ ಕಣಪ್ಪ," ಎಂದರು.

ಯಂತ್ರವನ್ನು ಚೀಲಕ್ಕೆ ಹಾಕಿಕೊಂಡರು. ಬಿಲ್ಲೆಯನ್ನೂ ಹಾಕಿಕೊಂಡರು. ಬಸ್‌ಸ್ಟಾಪಿನವರೆಗೂ ಧರಣೇಂದ್ರ ಜೊತೆಗೆ ನಡೆದ, ಬಸ್ಸು ಬರುವ ತನಕ ಪಕ್ಕದಲ್ಲಿ ನಿಂತ. ಅವರು ಚೀಲದಿಂದ ಯಂತ್ರವನ್ನು ಮತ್ತೆ ತೆಗೆಯಲಿಲ್ಲ.